ಅಳು ಏಳದ ಮನೆ

ಕೊಕ್ ಬುಲಾಕ್, ತಲಾಸ್ ಕಣಿವೆ
೯ ನವೆಂಬರ್ ೧೯೯೭

ಪ್ರೀತಿಯ ಲೀಡಿಯಾ ಅಕ್ಕನಿಗೆ,

ನೀನೂ ಹೈನ್ರಿಖ್ ಭಾವನೂ ಜರ್ಮನಿಗೆ ಹೋದ ಮೇಲೆ ಇದು ಎರಡನೇ ಚಳಿಗಾಲ. ನಿನ್ನ ಮನೆಯಲ್ಲೀಗ ಬೀನ್ಸ್ ಕಾಳಿನ ವ್ಯಾಪಾರಿಯೊಬ್ಬ ಇದ್ದಾನೆ. ನಿನ್ನ ಸೇಬಿನ ಮರಗಳಿಗೆ ಕುದುರೆ ಕಟ್ಟುತ್ತಾನೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆದುಬಿಟ್ಟೆ. ನನ್ನ ಬಾಯಿ ನಿನಗೆ ಗೊತ್ತಲ್ಲ.

ವಿಷಯಕ್ಕೆ ಬರುತ್ತೇನೆ. ಕಳೆದ ವಾರ ಬೆಳಗ್ಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದೆ. ಹಸು ಒದೆಯುತ್ತಿತ್ತು, ನಾನು ಬೈಯುತ್ತಿದ್ದೆ. ಭಕ್ತಿಯ ಯಾವ ಲಕ್ಷಣವೂ ಅಲ್ಲಿರಲಿಲ್ಲ. ಇದ್ದಕ್ಕಿದ್ದಂತೆ ನನ್ನ ಬೆನ್ನ ಹಿಂದೆ ಯಾರೋ ಬಂದು ನಿಂತರು. ತಿರುಗಿ ನೋಡುವ ಧೈರ್ಯವಾಗಲಿಲ್ಲ, ಆದರೆ ಹೆದರಿಕೆಯೂ ಆಗಲಿಲ್ಲ. ಚಳಿಗಾಲದಲ್ಲಿ ಗೋಡೆಯ ಬುಡದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಾಗ ಆಗುತ್ತದಲ್ಲ, ಹಾಗಿತ್ತು. ಹಸು ಮೆಲುಕು ಹಾಕುವುದನ್ನು ನಿಲ್ಲಿಸಿತು. ಮಾತೇನೂ ಕೇಳಿಸಲಿಲ್ಲ. ಆದರೂ ನನ್ನನ್ನು ಯಾವುದೋ ಕೆಲಸಕ್ಕೆ ಕರೆಯುತ್ತಿದ್ದಾನೆ ಎಂಬುದು ಗಟ್ಟಿಯಾಗಿ ಗೊತ್ತಾಯಿತು. "ಯಾವ ಕೆಲ್ಸ ಸ್ವಾಮಿ?" ಎಂದು ಕೇಳಿದೆ. ಹಸು ಬಕೆಟ್ಟಿಗೆ ಒದ್ದು ಹಾಲೆಲ್ಲ ಚೆಲ್ಲಿತು. ನಾನು ಸಗಣಿಯ ಮೇಲೇ ಕುಸಿದು ಕೂತು ಅತ್ತುಬಿಟ್ಟೆ.

ಒಳಗೆ ಹೋದರೆ ಬಾತ್ಮಾ ಅತ್ತೆ ಹಾಸಿಗೆಯಿಂದಲೇ ಕೇಳಿದಳು, "ಹಾಲೆಲ್ಲೇ?"

"ಚೆಲ್ಲೋಯ್ತು ಅತ್ತೆ. ಕೊಟ್ಟಿಗೇಲಿ ದೇವರು ಬಂದಿದ್ದ."

"ಬಂದೋನು ಹಸೂನ ಹಿಡ್ಕೊಬಾರ್ದಿತ್ತಾ?" ಅಂದಳು.

ನಗಬೇಡ. ಇವಳು ನೀನು ಕಂಡ ಬಾತ್ಮಾ ಅಲ್ಲ. ನನ್ನ ಗಂಡ ಸತ್ತ ವರ್ಷ ನೀನು ಬಂದು ನನ್ನ ಪಕ್ಕ ಕೂತು ಪ್ರಾರ್ಥನೆ ಮಾಡುತ್ತಿದ್ದಾಗ ಬಾಗಿಲಲ್ಲಿ ನಿಂತು ಶಾಪ ಹಾಕುತ್ತಿದ್ದಳು. ನಾನು ನದಿಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡು ಬಂದ ದಿನ ನನ್ನ ಹಾಸಿಗೆಯನ್ನು ಅಂಗಳಕ್ಕೆ ಎಸೆದಿದ್ದಳು. ಈಗ ಅವಳ ಹೊಟ್ಟೆಯಲ್ಲಿ ಗಡ್ಡೆ ಇದೆ. ಎತ್ತುವುದು, ಇಳಿಸುವುದು, ಒರೆಸುವುದು, ಎಲ್ಲ ನಾನೇ. ರಾತ್ರಿ ನಾನು ಗಟ್ಟಿಯಾಗಿ ಸುವಾರ್ತೆ ಓದಿಕೊಳ್ಳುವುದನ್ನು ಕೇಳಿ ಕೇಳಿ ಬೇಸಿಗೆಯಲ್ಲಿ ಒಂದು ದಿನ, "ಆ ನಿನ್ನ ಈಸಾ ಕುಷ್ಠರೋಗೀನ ಮುಟ್ಟಿದ್ದು ನಿಜವೇನೇ?" ಎಂದು ಕೇಳಿದಳು. ನಿಜ ಅಂದೆ. "ಹಾಗಾದ್ರೆ ನನ್ನೂ ಮುಟ್ಟಲಿ" ಅಂದಳು. ಅಂದಿನಿಂದ ಅವಳೂ ನಮ್ಮವಳೇ.

ತಲೆಮಾರುಗಳಿಂದ ಇಲ್ಲೇ ಇದ್ದ ನೀವು ಜರ್ಮನ್ನರು ಹೊರಟುಹೋದ ಮೇಲೆ ಪ್ರಾರ್ಥನಾ ಮನೆಯ ಬೀಗದ ಕೈ ನನ್ನ ಬಳಿ ಇದೆ, ಕೇಳುವವರು ಮಾತ್ರ ಯಾರೂ ಇಲ್ಲ. ನೀನೇ ಹೇಳು ಅಕ್ಕ, ಕರೆದವನು ಯಾತಕ್ಕೆ ಕರೆದ? ನನಗೆ ಇದನ್ನು ಹೊತ್ತುಕೊಂಡು ಕೂರಲು ಆಗುತ್ತಿಲ್ಲ.

ನಿನ್ನ ತಂಗಿ
ಜಿಪಾರ್


ಡೆಟ್ಮೋಲ್ಡ್
೧೪ ಡಿಸೆಂಬರ್ ೧೯೯೭

ಕರ್ತನಲ್ಲಿ ಪ್ರಿಯಳಾದ ಜಿಪಾರ್,

ಪತ್ರ ತಲುಪಿತು. ಮೂರು ಸಲ ಓದಿದೆ. ಸೇಬಿನ ಮರಗಳ ವಿಷಯ ಬರೆಯದೇ ಇದ್ದಿದ್ದರೆ ಚೆನ್ನಾಗಿತ್ತು.

ಕೊಟ್ಟಿಗೆಯಲ್ಲಿ ನಿನಗೆ ಆದದ್ದನ್ನು ನಾನು ಸುಳ್ಳು ಎನ್ನುವುದಿಲ್ಲ. ಆದರೆ ಬೆಚ್ಚಗಾದ ಬೆನ್ನೆಲ್ಲ ದೇವರ ಕರೆ ಅಲ್ಲ. ಕರೆ ನಿಜವಾದರೆ ಅದು ಕೆಲಸದಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ನನ್ನ ತಂದೆ ಹೇಳುತ್ತಿದ್ದರು. ನಿನ್ನ ಬಳಿ ಬೀಗದ ಕೈ ಇದೆ, ಬೀಗ ತೆಗೆ. ಒಲೆ ಹೊತ್ತಿಸು. ಮಕ್ಕಳನ್ನು ಕೂಡಿಸಿ ಕೀರ್ತನೆ ಕಲಿಸು. ಆ ಕಣಿವೆಯಲ್ಲಿ ನಿನ್ನಂಥ ಕಂಠ ಇನ್ನೊಬ್ಬರಿಗಿಲ್ಲ. ನಿನ್ನ ಅಜ್ಜಿ ಅದನ್ನು ಸಾವಿನ ಮನೆಗಳಲ್ಲಿ ಹೆಣದ ಮೇಲೆ ಕೊಶೋಕ್ ಹಾಡಲು ಪಳಗಿಸಿದಳು. ನೀನು ಆ ಅಳುವ ಹಾಡನ್ನು ದೀಕ್ಷಾಸ್ನಾನದ ದಿನ ನದಿಯಲ್ಲಿ ಬಿಟ್ಟು ಬಂದೆ. ಬಿಟ್ಟದ್ದನ್ನು ಮತ್ತೆ ಎತ್ತಿಕೊಳ್ಳಬೇಡ. ಸತ್ತವರನ್ನು ಕರೆದು ಕರೆದು ಅಳುವುದು ನಿರೀಕ್ಷೆ ಇಲ್ಲದವರ ಪದ್ಧತಿ.

ನಾವು ಕ್ಷೇಮ. ಮನೆ ನಾಲ್ಕನೇ ಮಹಡಿಯಲ್ಲಿದೆ. ನೆಲ ಎಷ್ಟು ಒರೆಸಿದರೂ ಕೊಳೆಯಾಗುವುದೇ ಇಲ್ಲ, ಅದೇ ಬೇಸರ. ಹೈನ್ರಿಖ್‌ಗೆ ಇಲ್ಲಿ ಬಡಗಿ ಕೆಲಸ ಸಿಗಲಿಲ್ಲ. ಬಾಗಿಲುಗಳು ಕಾರ್ಖಾನೆಯಿಂದ ಸಿದ್ಧವಾಗಿಯೇ ಬರುತ್ತವೆ. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಕೆಮ್ಮು ಸ್ವಲ್ಪ ಇದೆ.

ಬಾತ್ಮಾಳಿಗೆ ನನ್ನ ನಮಸ್ಕಾರ ಹೇಳು. ಅವಳು ನನಗೆ ಒಮ್ಮೆ ಸೌದೆ ಎಸೆದಿದ್ದಳು, ಅದನ್ನು ಕ್ಷಮಿಸಿದ್ದೇನೆಂದೂ ಹೇಳು.

ನಿನ್ನ ಅಕ್ಕ
ಲೀಡಿಯಾ


ಕೊಕ್ ಬುಲಾಕ್
೩ ಫೆಬ್ರವರಿ ೧೯೯೮

ಲೀಡಿಯಾ ಅಕ್ಕ,

ನೀನು ಹೇಳಿದಂತೆಯೇ ಮಾಡಿದೆ. ಬೀಗ ತೆಗೆದೆ, ಇಲಿ ಗೂಡು ಗುಡಿಸಿದೆ, ಒಲೆ ಹೊತ್ತಿಸಿದೆ. ಹಿಟ್ಟು ನಾದಿ ಬೊರ್ಸೊಕ್ ಕರಿದು ಒಂದು ಬುಟ್ಟಿ ಇಟ್ಟೆ. ಎಣ್ಣೆಯ ವಾಸನೆಗೆ ಮಕ್ಕಳು ಬಂದವು. ಎರಡು ಭಾನುವಾರ ಹಾಡಿಸಿದೆ ಕೂಡ. ಮೂರನೆಯ ಭಾನುವಾರ ಪಕ್ಕದ ಮನೆಯ ಅನಾರ್ಕುಲ್ ಬಂದು ತನ್ನ ಎರಡು ಮಕ್ಕಳನ್ನೂ ಕಿವಿ ಹಿಡಿದು ಎಳೆದುಕೊಂಡು ಹೋದಳು. "ನಿನ್ನ ಮನೆ ಹಾಳು ಮಾಡ್ಕೊಂಡಿದ್ದು ಸಾಲ್ದಾ? ಮಕ್ಕಳೇ ಬೇಕಾ ನಿಂಗೆ?" ಅಂದಳು. ನಾನೂ ಅವಳೂ ಒಂದೇ ದಿನ ಈ ಊರಿಗೆ ಸೊಸೆಯರಾಗಿ ಬಂದವರು. ಮರುದಿನ ಕಿಟಕಿಯ ಗಾಜು ಒಡೆದಿತ್ತು. ಈಗ ಪ್ರಾರ್ಥನಾ ಮನೆಯೊಳಗೆ ಹಿಮ ಬೀಳುತ್ತದೆ. ಹೀಗಾಯಿತು ನನ್ನ ಕರೆ.

ಇದು ಹೋಗಲಿ. ಅತ್ತೆ ಈ ಚಳಿಗಾಲ ದಾಟುವುದಿಲ್ಲ. ಮೊನ್ನೆ ಮೈದುನ ಕುಬಾತ್ ಬಂದಿದ್ದ. ತಾಯಿ ಈಸಾನ ದಾರಿ ಹಿಡಿದಳೆಂದು ತಿಳಿದ ಮೇಲೆ ಅವನು ಈ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಜೊತೆಗೆ ಊರಿನ ಹಿರಿಯ ತುರ್ದುಬೈ ಅಜ್ಜನೂ ಮುಲ್ಲಾನೂ ಇದ್ದರು. ಚಹಾ ಕೊಟ್ಟೆ, ಯಾರೂ ಮುಟ್ಟಲಿಲ್ಲ.

ಮುಲ್ಲಾ ಹೇಳಿದ, "ಇಬ್ಬರು ಸಾಕ್ಷಿ ಮುಂದೆ ಕಲಿಮಾ ಹೇಳ್ಬಿಡು ಬಾತ್ಮಾ. ಆಮೇಲೆ ನೀನು ಒಳಗೊಳಗೇ ಏನಾದ್ರೂ ನಂಬ್ಕೋ. ಇಲ್ದಿದ್ರೆ ನಮ್ಮ ಗೋರಿಗಳ ಹತ್ರ ನಿಂಗೆ ಜಾಗ ಇಲ್ಲ."

ಅತ್ತೆ ಗೋಡೆಗೆ ಒರಗಿ ಕೂತಿದ್ದಳು. "ಸಂತೇಲಿ ಕುರಿ ಮಾರುವಾಗ ಇಷ್ಟು ಚೌಕಾಸಿ ಮಾಡಿದ್ರೆ ನೀನಿವತ್ತು ಶ್ರೀಮಂತ ಆಗಿರ್ತಿದ್ದೆ ಮುಲ್ಲಾ" ಅಂದಳು. "ನನ್ನ ಗಂಡನ ಪಕ್ಕದ ಜಾಗ ನಂದು. ಅವನು ಸತ್ತಾಗ ಕುಬಾತನೇ ಅಳೆದು ಬಿಟ್ಟಿದಾನೆ. ಕೇಳು ಅವನ್ನ."

ಕುಬಾತ್ ನೆಲ ನೋಡುತ್ತಿದ್ದ. "ಅವ್ವಾ, ಒಂದೇ ಮಾತು ಹೇಳ್ಬಿಡೇ" ಅಂದ.

"ಹೇಳಿದ್ರೆ ಸುಳ್ಳಾಗುತ್ತೆ ಕಣೋ" ಅಂದಳು. ಅವರು ಹೊರಟುಹೋದರು.

ಅವರಿದ್ದಷ್ಟು ಹೊತ್ತು ಸಿಂಹದಂತಿದ್ದವಳು ಆಮೇಲೆ ಮಗುವಿನ ಹಾಗೆ ನನ್ನ ಕೈ ಹಿಡಿದು ಬಿಡಲೇ ಇಲ್ಲ. ಅವಳಿಗೆ ಸಾವಿನ ಭಯವಿಲ್ಲ. "ಈಸಾ ನನ್ನ ಕರ್ಕೊಂಡು ಹೋಗ್ತಾನೆ, ಅದು ಗೊತ್ತು. ಆದ್ರೆ ಮೈಯನ್ನ ಇಲ್ಲೇ ಬಿಟ್ಟು ಹೋಗ್ತೀನಲ್ಲ, ಅದನ್ನ ಎಲ್ಲಿಡ್ತೀರಿ? ಅವನ ಗೊರಕೆ ಕೇಳ್ಕೊಂಡೇ ಮುದುಕಿ ಆದೋಳು ನಾನು. ಬೇರೆ ಕಡೆ ನಿದ್ದೆ ಬರುತ್ತೇನೇ?" ಎಂದಳು. ಇನ್ನೊಂದು ಮಾತನ್ನೂ ಕೇಳಿದಳು: "ನಂಗೆ ಅಳೋರು ಯಾರೇ? ನೀನು ಹಾಡೋದು ಬಿಟ್ಟಿದೀಯಲ್ಲ."

ನನ್ನ ಗಂಡನಿಗೆ ನಾನು ಹಾಡಿದ್ದ ಕೊಶೋಕ್ ಅವಳಿಗೆ ಪೂರ್ತಿ ಬಾಯಿಪಾಠ ಇದೆ. ಹೆತ್ತ ಮಗನಿಗೆ ಹಾಡಿದ್ದು ತಾನೇ. ಅಕ್ಕ, ನಿನಗೆ ಈ ಊರು ಗೊತ್ತು. ಅಳು ಏಳದ ಮನೆಯಲ್ಲಿ ಸಾವೇ ಆಗಿಲ್ಲವೆಂದು ಜನರ ಲೆಕ್ಕ. ಅಳು ಕೇಳಿದರೆ ಶತ್ರುವೂ ಬರಬೇಕು, ಕೇಳದಿದ್ದರೆ ಮಗನೂ ಬರುವಂತಿಲ್ಲ.

ನಾನೇನು ಮಾಡಲಿ? ಅಲ್ಲಿನ ಪ್ರಾರ್ಥನಾ ಸಭೆಯ ಹಿರಿಯರನ್ನು ಕೇಳಿ ಬರೆ. ಪ್ರಾರ್ಥಿಸಿ ಪ್ರಾರ್ಥಿಸಿ ಮಂಡಿ ಸವೆಯಿತು. ಅಂದು ಕೊಟ್ಟಿಗೆಗೆ ಬಂದವನು ಆಮೇಲೆ ಒಮ್ಮೆಯೂ ಬರಲಿಲ್ಲ. ಕರೆದು ಬಾಗಿಲು ಹಾಕಿಕೊಳ್ಳುವುದು ಯಾವ ದೊಡ್ಡತನ? ಈ ಮಾತು ತಪ್ಪಾದರೆ ಅವನೇ ಬಂದು ಬೈಯಲಿ, ಅಷ್ಟಾದರೂ ಆಗಲಿ. ಬೇಗ ಬರೆ.

ಜಿಪಾರ್


ಡೆಟ್ಮೋಲ್ಡ್
೮ ಮಾರ್ಚ್ ೧೯೯೮

ಪ್ರಿಯ ಜಿಪಾರ್,

ತಡವಾಯಿತು. ಇಲ್ಲಿ ಕೆಲವು ತೊಂದರೆಗಳಿದ್ದವು.

ಹಿರಿಯರನ್ನು ಕೇಳಿದೆ. ಎಲ್ಲರದೂ ಒಂದೇ ಮಾತು. ಕೊಶೋಕ್ ಕೂಡದು. ಅವಳು ತೀರಿಕೊಂಡಾಗ ಕೀರ್ತನೆ ಹಾಡು, ಸಮಾಧಾನದಿಂದ ಕಳಿಸಿಕೊಡು. ಊರಿನವರು ಜಾಗ ಕೊಡದಿದ್ದರೆ ಗಿರಣಿಯ ಹಿಂದೆ ನಮ್ಮ ಹಳೆಯ ಸ್ಮಶಾನ ಇದೆ. ನನ್ನ ತಂದೆತಾಯಿ ಅಲ್ಲೇ ಇದ್ದಾರೆ. ಅವರ ಪಕ್ಕದಲ್ಲಿ ಇಡು. ಅವಮಾನವೇನಲ್ಲ.

ಅಳಬೇಡ ಎಂದರೆ ದುಃಖ ಇರಬಾರದು ಎಂದಲ್ಲ. ಬಾಯಿ ಮುಚ್ಚಿಕೊಂಡು ಕೂಡ ದುಃಖಪಡಬಹುದು. ಅದು ಸಾಧ್ಯವಿದೆ.

ಹೈನ್ರಿಖ್ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ಲೀಡಿಯಾ


ಕೊಕ್ ಬುಲಾಕ್
೧೯ ಏಪ್ರಿಲ್ ೧೯೯೮

ಲೀಡಿಯಾ ಅಕ್ಕ,

ಅತ್ತೆ ಹೋದಳು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಓದಿದ ಮೇಲೆ ನೀನು ನನ್ನನ್ನು ತಂಗಿ ಅನ್ನುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು.

ಬೆಳಗ್ಗೆ ಚಹಾ ಕೇಳಿದಳು. ಹಾಲು ಕಡಿಮೆಯಾಯಿತೆಂದು ಬೈದಳು. ಬಟ್ಟಲು ತೊಳೆದು ಬರುವಷ್ಟರಲ್ಲಿ ಉಸಿರಿರಲಿಲ್ಲ. ನಾನೊಬ್ಬಳೇ ಮೈ ತೊಳೆದು ಬಿಳಿ ಬಟ್ಟೆ ಸುತ್ತಿದೆ. ಆಮೇಲೆ ನೀನು ಹೇಳಿದ ಹಾಗೆ ಅವಳ ತಲೆಯ ಬಳಿ ಕೂತು ಕೀರ್ತನೆ ಹಾಡಿದೆ. ಅಳು ನುಂಗಿ ನುಂಗಿ ಹಗಲೆಲ್ಲ ಹಾಡಿದೆ.

ಮಧ್ಯಾಹ್ನ ಗೋಡೆಯಾಚೆಯಿಂದ ಅನಾರ್ಕುಲ್ ಕೂಗಿದಳು. "ಏನೇ ಅದು ಸಂಭ್ರಮ? ಬೆಳಗ್ಗಿಂದ ಹಾಡ್ತಾನೇ ಇದೀಯಾ?"

"ಅತ್ತೆ ಹೋದ್ಲು ಅನಾರ್ಕುಲ್" ಅಂದೆ.

ಅವಳು ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡು ನನ್ನನ್ನೇ ನೋಡಿದಳು. "ಅತ್ತೆ ಸತ್ತಿದ್ದಕ್ಕೆ ಹಾಡ್ತಿದೀಯಾ? ನಾಯಿಗೂ ನಾಲ್ಕು ಹನಿ ಹಾಕ್ತಾರಲ್ಲೇ!" ಎಂದವಳೇ ಓಡಿಹೋದಳು. ಸಂಜೆಯ ಹೊತ್ತಿಗೆ ಊರಿಗೆಲ್ಲ ಸುದ್ದಿ ಹಬ್ಬಿತ್ತು. ಮುದುಕಿಯ ಕಾಟ ತಪ್ಪಿತೆಂದು ಜಿಪಾರ್ ಹಾಡಿಕೊಂಡು ಕೂತಿದ್ದಾಳಂತೆ. ನಾನು ದೇವರ ಮಾತೆಂದು ಪಾಲಿಸಿದ್ದು ಊರಿಗೆ ಹೀಗೆ ಕೇಳಿಸಿತು, ಅಕ್ಕ. ಒಬ್ಬರೂ ಬರಲಿಲ್ಲ. ಹೆಣ ಇಡಲು ಅಂಗಳದಲ್ಲಿ ಗುಡಾರ ಹೂಡುವವರಿಲ್ಲ, ಗೋರಿ ತೋಡುವವರಿಲ್ಲ.

ಮರುದಿನ ಕುಬಾತನ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿ, "ಕೊನೇಲಾದ್ರೂ ಕಲಿಮಾ ಹೇಳಿದ್ಳಾ?" ಎಂದು ಕೇಳಿದ. ಇಲ್ಲ ಅಂದೆ. "ಹಾಗಿದ್ರೆ ನಾನೇನು ಮಾಡ್ಲಿ ಅತ್ತಿಗೆ? ನೀನೇ ಹೇಳು, ಏನು ಮಾಡ್ಲಿ?" ಎಂದು ಒಳಗೆ ಹೋಗಿಬಿಟ್ಟ. ಅವನ ಕಣ್ಣು ಕೆಂಪಗಿತ್ತು.

ಬಿಸಿಲು ಏರುತ್ತಿತ್ತು. ಹಿಮ ಕರಗುವ ಕಾಲ, ಹೆಣ ಇನ್ನೊಂದು ಹಗಲು ತಡೆಯುತ್ತಿರಲಿಲ್ಲ. ಸರಿ, ಗಿರಣಿ ಹಿಂದಿನ ನಿಮ್ಮ ಸ್ಮಶಾನವೇ ಗತಿ ಎಂದುಕೊಂಡೆ. ಹುಲ್ಲು ಸಾಗಿಸುವ ಕೈಗಾಡಿ ತಂದೆ, ಗುದ್ದಲಿ ಇಟ್ಟೆ. ಅತ್ತೆಯನ್ನು ಕಂಬಳಿಯಲ್ಲಿ ಸುತ್ತಿ ಎಳೆದು ಎತ್ತಿ ಅದರ ಮೇಲೆ ಮಲಗಿಸಿದೆ. ಬದುಕಿದ್ದಾಗ ಎತ್ತಿ ಎತ್ತಿ ರೂಢಿಯಾಗಿತ್ತಲ್ಲ. ಅಂಗಳದ ಬಾಗಿಲು ದಾಟಿಸುವಾಗ ಗಾಲಿ ಹೊಸ್ತಿಲಿಗೆ ಸಿಕ್ಕಿಕೊಂಡಿತು. ಜಗ್ಗಿದೆ. ಕಂಬಳಿ ಸರಿದು ಅತ್ತೆಯ ಒಂದು ಕಾಲು ಹೊರಗೆ ಜೋತುಬಿತ್ತು. ಬಿರುಕು ಬಿಟ್ಟ ಹಿಮ್ಮಡಿ. ರಾತ್ರಿ ರಾತ್ರಿ ನಾನು ಬೆಣ್ಣೆ ಹಚ್ಚಿ ತಿಕ್ಕುತ್ತಿದ್ದ ಹಿಮ್ಮಡಿ.

ಆ ಕಾಲು ನೋಡಿದ ಮೇಲೆ ನಾನು ಬಾಯಿ ತೆರೆಯಲಿಲ್ಲ ಅಕ್ಕ, ಅದು ತಾನಾಗಿ ತೆರೆಯಿತು. ಗಾಡಿಯ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತೆ. ಸೊಂಟಕ್ಕೆ ಕೈ ಕೊಟ್ಟು ಅಜ್ಜಿ ಹೇಳಿಕೊಟ್ಟ ಹಾಗೆ ಮೊದಲ ಕೂಗು ಎತ್ತಿದೆ.

ನನ್ನ ರೊಟ್ಟಿಗೆ ಕೊಂಕು ತೆಗೆದವಳೇ,
ಕೊಂಕು ತೆಗೆದೂ ಬಿಸಿ ತುಂಡು ನನಗೇ ಇಟ್ಟವಳೇ,
ಬೈದು ಬೈದು ನನ್ನ ಸಾಕಿದವಳೇ,
ಬೈಯುವವರಿಲ್ಲದ ಮನೆಗೆ ನಾನು ಹೇಗೆ ಹೋಗಲಿ?
ಮಗನನ್ನು ಮಣ್ಣಿಗೆ ಕೊಟ್ಟು ನನ್ನ ಕೈ ಬಿಡದವಳೇ,
ನಿನ್ನನ್ನು ಗಾಡಿಯಲ್ಲಿ ಹೇರಿಕೊಂಡು ಎಲ್ಲಿಗೆ ಹೋಗಲಿ?

ಆಗ ಅವನು ಬಂದ. ನೀನು ನಂಬಿದರೆ ನಂಬು. ಕೊಟ್ಟಿಗೆಗೆ ಬಂದವನೇ ಬಂದು ನನ್ನ ಬೆನ್ನ ಹಿಂದೆ ನಿಂತ. ಅದೇ ಬೆಚ್ಚನೆ. ನಾನು ಮಾಡಬಾರದ್ದನ್ನು ಮಾಡುತ್ತಿದ್ದಾಗಲೇ ಬಂದ. ಬೈಯಲಿಲ್ಲ. ಅವನೂ ಅಳುತ್ತಿದ್ದ ಎಂದು ನನಗನ್ನಿಸಿತು. ಸತ್ತ ಸ್ನೇಹಿತನನ್ನು ಇನ್ನೇನು ಬದುಕಿಸಿ ಎಬ್ಬಿಸುತ್ತೇನೆಂದು ಗೊತ್ತಿದ್ದೂ ಗೋರಿಯ ಮುಂದೆ ನಿಂತು ಅತ್ತ ಈಸಾ ಅಲ್ಲವೇ ಅವನು? ಅವನಿಗೆ ಯಾವ ಹಿರಿಯರು ಬೇಡ ಅಂದಿದ್ದರು?

ಮೊದಲು ಬಂದವಳು ಅನಾರ್ಕುಲ್. ಕೈಗೆ ಹಿಟ್ಟು ಮೆತ್ತಿತ್ತು. ಬೀದಿಯಿಂದಲೇ "ಅಯ್ಯೋ ನನ್ನವ್ವಾ, ಅಯ್ಯೋ ನನ್ನ ನೆರಳೇ" ಎಂದು ಕೂಗುತ್ತ ಬಂದು ನನ್ನ ಕುತ್ತಿಗೆಗೆ ಬಿದ್ದಳು. ಅವಳ ಹಿಂದೆ ಇನ್ನಿಬ್ಬರು, ಆಮೇಲೆ ಕೇರಿಯ ಹೆಂಗಸರೆಲ್ಲ. ಬರದಿರಲು ಅವರಿಗೆ ಆಗುವುದಿಲ್ಲ, ಕರುಳು ಬಿಡುವುದಿಲ್ಲ.

ಕೊಶೋಕ್‌ನಲ್ಲಿ ಸತ್ತವರು ಯಾರ ಜೊತೆ ಹೊರಟರೆಂದು ಹೇಳುವ ಸಾಲು ಬರಬೇಕಲ್ಲ. ಅಲ್ಲಿ ಒಂದು ಗಳಿಗೆ ತಡೆದೆ. ಬೇಲಿಯಾಚೆ ಗಂಡಸರು ಸೇರಿದ್ದರು, ಮುಲ್ಲಾನೂ ಇದ್ದ. ಆ ಸಾಲು ನುಂಗಿದರೆ ಗೋರಿ ಸಿಗುತ್ತಿತ್ತು. ಆದರೆ ಅತ್ತೆ ಸುಳ್ಳು ಹೇಳಲಿಲ್ಲವಲ್ಲ.

ರೋಗಿಯ ಮೈ ಮುಟ್ಟಿದ ಈಸಾನ ಕೈ ಹಿಡಿದು
ಕೋಲಿಲ್ಲದೆ ನಡೆದುಹೋದವಳೇ!

ಅಳು ನಿಂತುಹೋಯಿತು. ಎಲ್ಲರೂ ನನ್ನ ಮುಖ ನೋಡಿದರು. ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಅನಾರ್ಕುಲ್ ಮೂಗು ಒರೆಸಿಕೊಂಡು, "ಕೋಲಿಲ್ಲದೆ ನಡೆದಳಂತೆ ಕಣ್ರೇ ನಮ್ಮವ್ವ!" ಎಂದು ಗಟ್ಟಿಯಾಗಿ ಅತ್ತಳು. ಎಲ್ಲರೂ ಅದನ್ನೇ ಹಿಡಿದುಕೊಂಡು ಅತ್ತರು. ಬೇಲಿಯಾಚೆ ಒಬ್ಬ ಗಂಡಸು, "ಅಯ್ಯೋ ಅವ್ವಾ, ನನ್ನ ಬೆಟ್ಟವೇ!" ಎಂದು ಗೂಳಿಯಂತೆ ಕೂಗಿದ. ಕುಬಾತ್. ಸಾವಿನಲ್ಲಿ ಗಂಡಸರು ಮಾಡುವ ಹಾಗೆ ಕೋಲು ಊರಿ ಬಗ್ಗಿಕೊಂಡು ಅಳುತ್ತ ಅಂಗಳದೊಳಗೆ ಬಂದ. ಗಾಡಿಯ ಬಳಿ ಬಂದು, ಜೋತುಬಿದ್ದಿದ್ದ ಆ ಕಾಲನ್ನು ಎತ್ತಿ ಕಂಬಳಿಯೊಳಗೆ ಇಟ್ಟ.

ಮುಲ್ಲಾ ಏನೋ ಹೇಳಲು ಬಂದ. ತುರ್ದುಬೈ ಅಜ್ಜ ಅವನನ್ನು ತಡೆದು, "ಈಗ ಅಳು ಎದ್ದಿದೆ. ಇನ್ನು ಇದು ನಮ್ಮ ಸಾವು. ವಾದ ಆಮೇಲೆ ಮಾಡೋಣ, ಮೊದ್ಲು ಗುದ್ದಲಿ ತರ್ಸು" ಅಂದರು.

ಗಂಡಸರು ಹೊತ್ತುಕೊಂಡು ಹೋದರು. ನಾವು ಹೆಂಗಸರು ಗೋರಿಯ ತನಕ ಹೋಗುವಂತಿಲ್ಲ, ಅಂಗಳದಲ್ಲೇ ಉಳಿದೆವು. ಎಲ್ಲಿಗೆ ಒಯ್ದರೋ ಗೊತ್ತಿರಲಿಲ್ಲ. ಅವರು ಬರುವ ತನಕ ಹಾಡಿದೆ. ಅಜ್ಜ ಬಂದು ಕೈ ತೊಳೆದುಕೊಂಡು ನನ್ನ ಮುಖ ನೋಡದೆ ಹೇಳಿದರು. "ಗಂಡನ ಪಕ್ಕ ಕೊಡ್ಸೋಕಾಗ್ಲಿಲ್ಲ ಮಗಳೇ. ತುಂಬ ಜನ ಬೇಡ ಅಂದ್ರು. ಬೇಲಿ ಒಳಗೇ ಇದಾಳೆ, ಕಾಲುವೆ ಕಡೆ ಮೂಲೇಲಿ. ನನ್ನ ಕೈಲಾದದ್ದು ಅಷ್ಟೇ."

ಅಷ್ಟೇ, ಅಕ್ಕ. ಅವಳು ಕೇಳಿದ ಜಾಗ ಸಿಗಲಿಲ್ಲ. ಮೊದಲ ದಿನವೇ ಬಾಯಿ ತೆರೆದಿದ್ದರೆ ಸಿಗುತ್ತಿತ್ತೋ ಏನೋ. ಇದನ್ನು ನಿನ್ನ ಮೇಲಿನ ಸಿಟ್ಟಿಗೆ ಬರೆದೆ. ಸಿಟ್ಟು ಇದೆ.

ಜಿಪಾರ್


ಕೊಕ್ ಬುಲಾಕ್
೨ ಜೂನ್ ೧೯೯೮

ಲೀಡಿಯಾ ಅಕ್ಕ,

ನಿನ್ನ ಪತ್ರವಿಲ್ಲ. ಬರೆಯುವುದಿಲ್ಲವೆಂದು ತೀರ್ಮಾನಿಸಿದ್ದೀಯೇನೋ.

ಪೇಟೆಯ ಪ್ರಾರ್ಥನಾ ಸಭೆಯಿಂದ ಒಬ್ಬ ಹಿರಿಯರು ಸುದ್ದಿ ಕೇಳಿ ಬಂದಿದ್ದರು. ನಾನು ಹಳೆಯ ಪದ್ಧತಿಗೆ ಮರಳಿದ್ದೇನಂತೆ, ಪಶ್ಚಾತ್ತಾಪ ಪಡುವ ತನಕ ಸಭೆಯಲ್ಲಿ ಹಂಚುವ ಪ್ರಭುವಿನ ರೊಟ್ಟಿ ನನಗಿಲ್ಲವಂತೆ. ಇತ್ತ ಮುಲ್ಲಾ ನಾನು ಅಳುವಿನಲ್ಲಿ ಈಸಾನನ್ನು ಸೇರಿಸಿ ಊರನ್ನೇ ಕೆಡಿಸಿದೆ ಅನ್ನುತ್ತಾನೆ. ಅತ್ತ ದರಿ, ಇತ್ತ ಪುಲಿ. ಮನೆಯಲ್ಲಿ ಬೈಯಲು ಅತ್ತೆಯೂ ಇಲ್ಲ. ರೊಟ್ಟಿ ಬೇಯಿಸಿದರೆ ತಿನ್ನುವುದು ನಾನು ಮತ್ತು ಗುಬ್ಬಿಗಳು.

ಮೊನ್ನೆ ಮೇಲಿನ ಊರಿಂದ ಒಬ್ಬ ಕುದುರೆ ಏರಿ ಬಂದಿದ್ದ. ಹೆಂಡತಿ ಹೆರಿಗೆಯಲ್ಲಿ ಹೋದಳಂತೆ. "ನೀನು ಯಾರವಳಾದ್ರೂ ಆಗಿರು, ಬಂದು ಅವಳಿಗೊಂದು ಹಾಡಮ್ಮ. ನಮ್ಮಲ್ಲಿ ಹಾಡೋರು ಉಳಿದಿಲ್ಲ" ಅಂದ. ಹೋದೆ. ಹಾಡಿದೆ. ಬೆನ್ನ ಹಿಂದಿನವನೂ ಬಂದ. ಇದಕ್ಕೇ ಕರೆದದ್ದಾದರೆ ನನಗೆ ಈ ಕೆಲಸ ಬೇಡ, ಅಕ್ಕ. ಸಾವಿನಿಂದ ಸಾವಿಗೆ ಓಡಾಡುವುದು, ಮನೆಗೆ ಬಂದು ಒಬ್ಬಳೇ ಕೂರುವುದು. ಅವನಿಗೆ ಇದನ್ನು ಹೇಳಿದೆ. ಆದರೆ ಬೇರೆ ಕೆಲಸ ಕೊಡುತ್ತಿಲ್ಲ.

ಬೈದಾದರೂ ಬರೆ.

ಜಿಪಾರ್


ಡೆಟ್ಮೋಲ್ಡ್
೨೮ ಜೂನ್ ೧೯೯೮

ಜಿಪಾರ್, ನನ್ನ ತಂಗಿ,

ಹೈನ್ರಿಖ್ ಫೆಬ್ರವರಿಯಲ್ಲಿ ಹೋದ. ನಾನು ನಿನಗೆ ಅಳಬೇಡವೆಂದು ಬರೆದಾಗ ಅವನ ಕೋಟು ಇನ್ನೂ ಬಾಗಿಲ ಹಿಂದೆ ತೂಗುತ್ತಿತ್ತು. ನಿನಗೆ ತಿಳಿಸಲು ಕೈ ಬರಲಿಲ್ಲ.

ಎಲ್ಲ ಕ್ರಮವಾಗಿ ನಡೆಯಿತು. ಹಿರಿಯರು ನಿರೀಕ್ಷೆಯ ಬಗ್ಗೆ ಮಾತಾಡಿದರು. ಹೂವಿತ್ತು. ಆಮೇಲೆ ಕಾಫಿ, ಕೇಕು. ಎಲ್ಲರೂ ನನ್ನ ಕೈ ಕುಲುಕಿ, "ಎಷ್ಟು ಧೈರ್ಯವಾಗಿದ್ದೀರಿ" ಅಂದರು. ನಾನೂ ಧೈರ್ಯವಾಗಿಯೇ ಇದ್ದೆ. ಮನೆಗೆ ಬಂದು ತಟ್ಟೆ ತೊಳೆದೆ. ಅವತ್ತಿನಿಂದ ತೊಳೆಯುತ್ತಲೇ ಇದ್ದೇನೆ.

ನಿನ್ನ ಏಪ್ರಿಲ್ ಪತ್ರ ಬಂದ ದಿನ ಅಡುಗೆಮನೆಯಲ್ಲಿ ನಿಂತು ಓದಿದೆ. ಸಿಟ್ಟು ಬಂತು. ಹಿರಿಯರಿಗೆ ತೋರಿಸಬೇಕೆಂದು ಕೈಚೀಲದಲ್ಲಿಟ್ಟುಕೊಂಡೆ. ತೋರಿಸಲಿಲ್ಲ. ಒಂದು ಸಂಜೆ ನಾನೂ ಅಳಲು ನೋಡಿದೆ. ಸೊಂಟಕ್ಕೆ ಕೈ ಕೊಟ್ಟು ನೆಲದ ಮೇಲೆ ಕೂತೆ. ಹುಟ್ಟಿದಾಗಿನಿಂದ ನಿಮ್ಮ ಹೆಂಗಸರು ಅಳುವುದನ್ನು ಕೇಳಿ ಬೆಳೆದವಳು, ಬಂದೀತು ಅಂದುಕೊಂಡೆ. ಬಂದದ್ದು ಒಂದು ಕೆಟ್ಟ ಸದ್ದು ಅಷ್ಟೇ, ಬಾಗಿಲ ಸಂದಿಗೆ ಸಿಕ್ಕ ಬೆಕ್ಕಿನ ಕೂಗಿನಂತೆ. ಕೆಳಗಿನ ಮನೆಯವಳು ಬಂದು ಬಾಗಿಲು ತಟ್ಟಿದಳು. ಅಳುವಿಗೆ ಬಂದಳೆಂದು ಓಡಿಹೋಗಿ ತೆರೆದೆ. "ಟಿವಿ ಸ್ವಲ್ಪ ಕಡಿಮೆ ಮಾಡ್ತೀರಾ?" ಎಂದು ಕೇಳಿ ಹೋದಳು.

ನಾನು ನಿನಗೆ ಏನು ಕಲಿಸಿದೆನೋ ಅದರಲ್ಲಿ ಯಾವುದು ದೇವರದು, ಯಾವುದು ನಮ್ಮ ಅಪ್ಪಂದಿರದು ಎಂದು ಈಗ ನನಗೆ ಗೊತ್ತಿಲ್ಲ. ಈ ವಯಸ್ಸಿನಲ್ಲಿ ಇದು ಗೊತ್ತಿಲ್ಲದಿರುವುದು ಬಹಳ ಭಯದ ಸಂಗತಿ. ಪ್ರಾರ್ಥಿಸಿದರೆ ಚಾವಣಿಗೆ ತಾಗಿ ಕೆಳಗೆ ಬೀಳುತ್ತದೆ. ನಿನಗೆ ಬಂದವನು ನನ್ನ ಬಳಿಗೆ ಬರುತ್ತಿಲ್ಲ.

ಹೈನ್ರಿಖ್‌ಗೆ ಹಾಡು, ಜಿಪಾರ್. ಅವನು ಅಲ್ಲಿ ಹುಟ್ಟಿದವನು. ಇಲ್ಲಿ ಅವನು ಸತ್ತದ್ದು ಯಾರಿಗೂ ಕೇಳಿಸಿಲ್ಲ.

ಲೀಡಿಯಾ


ಕೊಕ್ ಬುಲಾಕ್
೨೦ ಜುಲೈ ೧೯೯೮

ಅಕ್ಕ,

ನಿನ್ನ ಪತ್ರ ಬಂದ ಮರುದಿನವೇ ಹಾಡಿದೆ. ಪ್ರಾರ್ಥನಾ ಮನೆಯ ಮುಂದೆ, ನಡು ಮಧ್ಯಾಹ್ನ. ಹೆಣವಿಲ್ಲದ ಅಳುವಿಗೆ ಸತ್ತವರ ಬಟ್ಟೆಯಾದರೂ ಬೇಕು. ನಿಮ್ಮ ಮನೆಯ ವ್ಯಾಪಾರಿಯನ್ನು ಕೇಳಿದೆ. ಅವನು ಗೊಣಗುತ್ತ ಹುಡುಕಿ, ಮರಗೆಲಸದ ಕೊಠಡಿಯಲ್ಲಿ ಮೊಳೆಗೆ ನೇತುಹಾಕಿದ್ದ ಭಾವನ ಹಳೆಯ ಏಪ್ರನ್ ತಂದುಕೊಟ್ಟ. ಜೇಬಿನಲ್ಲಿ ಇನ್ನೂ ಮರದ ಹೊಟ್ಟು ಇತ್ತು. ಅದನ್ನು ಬಾಗಿಲಿಗೆ ತೂಗಹಾಕಿ ಕೂತೆ.

ನಮ್ಮೂರ ಬಾಗಿಲಿಗೆಲ್ಲ ಚೌಕಟ್ಟು ಕೊಟ್ಟವನೇ,
ಯಾರೋ ಮಾಡಿದ ಬಾಗಿಲಿಂದ ಹೊರಗೆ ಹೋದವನೇ,
ನೀನು ಕೂಡಿಸಿದ ಮರ ಬಿರುಕು ಬಿಟ್ಟಿಲ್ಲ ನೋಡು,
ನಿನ್ನನ್ನು ಕಳಕೊಂಡವಳು ಬಿರಿದಿದ್ದಾಳೆ ನೋಡು!

ಅನಾರ್ಕುಲ್ ಬಂದಳು. ಕುಬಾತ್ ಹೊಲದಿಂದಲೇ, "ಅಯ್ಯೋ ನನ್ನಣ್ಣಾ" ಎಂದು ಕೂಗುತ್ತ ಬಂದ. ಅವನ ಮದುವೆಗೆ ಭಾವ ಪೆಟ್ಟಿಗೆ ಮಾಡಿಕೊಟ್ಟಿದ್ದನಂತೆ, ನನಗೆ ಗೊತ್ತೇ ಇರಲಿಲ್ಲ. ತುರ್ದುಬೈ ಅಜ್ಜ ಬಂದರು. ಮುಲ್ಲಾ ಬರಲಿಲ್ಲ, ಆದರೆ ಅವನ ಹೆಂಡತಿ ಬಂದಿದ್ದಳು. ನನ್ನ ಬೆನ್ನ ಹಿಂದೆ ಈ ಸಲ ಯಾರೂ ನಿಲ್ಲಲಿಲ್ಲ. ಹುಡುಕಿದೆ, ಇರಲಿಲ್ಲ. ನಿನ್ನ ಕಡೆಗೆ ಹೋಗಿರಬೇಕು ಎಂದುಕೊಂಡೆ. ಹೋಗಿದ್ದನೇ, ಬರೆ.

ಹಾಡು ಮುಗಿದ ಮೇಲೆ ಎಲ್ಲರಿಗೂ ಚಹಾ ಕೊಟ್ಟೆ. ಅಜ್ಜ ಬಟ್ಟಲು ಕೆಳಗಿಟ್ಟು ಕೇಳಿದರು. "ಅವಳು ಅಲ್ಲಿ ಹೇಗಿದಾಳಂತೆ, ನಮ್ಮ ಲೀಡಿಯಾ? ಜೊತೇಲಿ ಯಾರಿದಾರೆ?"

"ಯಾರೂ ಇಲ್ಲ ಅಜ್ಜ" ಅಂದೆ.

ಆಮೇಲೆ ಅನಾರ್ಕುಲ್ ಚಹಾ ಬಿಟ್ಟು ಎದ್ದು ಗೋಡೆಯ ಕಡೆ ತಿರುಗಿ ಕೂತಳು, ಸೊಂಟಕ್ಕೆ ಕೈ ಕೊಟ್ಟಳು. ಹೆಂಗಸರೆಲ್ಲ ಮತ್ತೆ ಅತ್ತರು, ಅಕ್ಕ. ಈ ಸಲ ಭಾವನಿಗಲ್ಲ, ನಿನಗೆ.

ನಿನ್ನ ತಂಗಿ
ಜಿಪಾರ್